ಚೆಂಡು ಬಾರದ ಅಂಚು

1997ರ ಡಿಸೆಂಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಚಾರ್ಲ್ಸ್ ವುಡ್‌ಸನ್ ಹೈಸ್‌ಮನ್ ಟ್ರೋಫಿ ಗೆದ್ದರು. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ 1935ರಿಂದ ಕೊಡುತ್ತ ಬಂದಿರುವ ಈ ಪ್ರಶಸ್ತಿ ಬಹುಪಾಲು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳಿಗೆ, ಇಲ್ಲವೇ ಚೆಂಡು ಅವುಚಿಕೊಂಡು ಓಡುವವರಿಗೆ ಸಲ್ಲುತ್ತಿತ್ತು. ವುಡ್‌ಸನ್ ಪ್ರಧಾನವಾಗಿ ರಕ್ಷಣೆಯ ಆಟಗಾರ. ಕಾರ್ನರ್‌ಬ್ಯಾಕ್ ಎಂಬ ಜಾಗದಲ್ಲಿ ನಿಂತು, ಎದುರಾಳಿ ರಿಸೀವರ್ ಪಾಸ್ ಹಿಡಿಯಲು ಓಡುವಾಗ ಅವನ ಬೆನ್ನುಬಿಡದೆ ಓಡಿ, ಚೆಂಡು ಅವನ ಕೈಸೇರದಂತೆ ತಡೆಯುವುದು ಅವರ ಕೆಲಸ. ಅಂಥ ಆಟಗಾರ ಮತದಾನದಲ್ಲಿ 1,815 ಅಂಕ ಪಡೆದು, 1,543 ಅಂಕ ಪಡೆದ ಟೆನೆಸಿಯ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಅವರನ್ನು ಹಿಂದಿಕ್ಕಿದ್ದು ದೊಡ್ಡ ಸುದ್ದಿಯಾಯಿತು. ಕಾರ್ನರ್‌ಬ್ಯಾಕ್ ಒಬ್ಬ ಪಂದ್ಯದ ಮೇಲೆ ಎಷ್ಟು ಹಿಡಿತ ಸಾಧಿಸಬಲ್ಲ ಎಂಬುದಕ್ಕೆ ಇದನ್ನೇ ಇಂದಿಗೂ ಸಾಕ್ಷಿಯಾಗಿ ಮುಂದಿಡುತ್ತಾರೆ. ಆ ಸಾಕ್ಷಿ ಗಟ್ಟಿಯಾದದ್ದೇ ಎಂದು ಕೇಳಬೇಕು. ಮತದಾರರ ಮನಸ್ಸು ಗೆದ್ದದ್ದು ನವೆಂಬರ್ 22ರಂದು ಓಹಾಯೋ ಸ್ಟೇಟ್ ವಿರುದ್ಧದ ಪಂದ್ಯ. ಅಂದು ವುಡ್‌ಸನ್ ರಿಸೀವರ್ ಆಗಿ 37 ಗಜದ ಪಾಸ್ ಹಿಡಿದರು, ಎದುರಾಳಿ ಒದ್ದ ಚೆಂಡನ್ನು ಹಿಡಿದು 78 ಗಜ ಓಡಿ ಟಚ್‌ಡೌನ್ ಗಳಿಸಿದರು, ತಮ್ಮ ತಂಡದ ಎಂಡ್ ಝೋನ್‌ನಲ್ಲಿ ಒಂದು ಪಾಸನ್ನು ಕಸಿದರು. ಮಿಷಿಗನ್ 20–14ರಿಂದ ಗೆದ್ದಿತು. ಈ ಮೂರು ಸಾಹಸಗಳಲ್ಲಿ ಕಾರ್ನರ್‌ಬ್ಯಾಕ್‌ನ ಕೆಲಸ ಒಂದೇ ಒಂದು. ಉಳಿದೆರಡಕ್ಕೆ ಬೇಕಾದದ್ದು ಬೇರೆಯೇ ಕೌಶಲ.

ಈ ಜಾಗದ ಚರಿತ್ರೆಯಲ್ಲಿ ಉದ್ದಕ್ಕೂ ಕಾಣುವ ತೊಡಕು ಇದೇ. ಕಾರ್ನರ್‌ಬ್ಯಾಕ್‌ನ ಶ್ರೇಷ್ಠತೆಯನ್ನು ಅಳೆದವರೆಲ್ಲ ಅವನು ಚೆಂಡು ಮುಟ್ಟಿದ ಗಳಿಗೆಗಳನ್ನೇ ಎಣಿಸಿದರು. ಅವನು ತನ್ನ ಕೆಲಸದಲ್ಲಿ ಪಳಗಿದಷ್ಟೂ ಚೆಂಡು ಅವನ ಕಡೆ ಬರುವುದು ಕಡಿಮೆಯಾಗುತ್ತದೆ. ಹೀಗಾಗಿ ಪರಮಶ್ರೇಷ್ಠನ ಲೆಕ್ಕದ ಪುಸ್ತಕ ಸಾಧಾರಣ ಆಟಗಾರನದಕ್ಕಿಂತ ಖಾಲಿಯಾಗಿ ಕಾಣಬಹುದು. ನಿಜವಾದ ಹಿಡಿತವನ್ನು ಎದುರಾಳಿ ಯಾವ ದಾರಿಯನ್ನು ಕೈಬಿಟ್ಟ ಎಂಬುದರಲ್ಲಿ ಹುಡುಕಬೇಕು ಎಂಬುದು ನನ್ನ ವಾದ.

ಹಿಂದಕ್ಕೆ ಹೋಗಿ ನೋಡಿದರೆ ಈ ಜಾಗಕ್ಕೆ ಕಾರಣವೇ ತಡವಾಗಿ ಹುಟ್ಟಿತು ಎಂದು ತಿಳಿಯುತ್ತದೆ. 1905ರ ಋತುವಿನಲ್ಲಿ ಮೈದಾನದಲ್ಲೇ ಯುವಕರು ಪ್ರಾಣ ಕಳೆದುಕೊಂಡರು, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. ಗುಂಪುಗುಂಪಾಗಿ ಒಬ್ಬರ ಮೇಲೊಬ್ಬರು ಬೀಳುವ ಆಟವನ್ನು ಬಿಡಿಸಲು 1906ರಲ್ಲಿ ಮುಂದಕ್ಕೆ ಪಾಸ್ ಎಸೆಯಲು ಅನುಮತಿ ಸಿಕ್ಕಿತು. ಆದರೆ ಯಾರೂ ಮುಟ್ಟದೆ ನೆಲಕ್ಕೆ ಬಿದ್ದ ಪಾಸ್‌ಗೆ ಕಠಿಣ ದಂಡವಿದ್ದ ಆ ದಿನಗಳಲ್ಲಿ ಎಸೆಯುವ ಧೈರ್ಯ ಮಾಡಿದವರು ಕಡಿಮೆ. 1913ರಲ್ಲಿ ನೋಟರ್ ಡೇಮ್ ತಂಡದ ಗಸ್ ಡೊರೇ ಮತ್ತು ನೂಟ್ ರಾಕ್ನಿ ಜೋಡಿ ಪಾಸ್‌ಗಳ ಬಲದಿಂದ ಆರ್ಮಿ ತಂಡವನ್ನು 35–13ರಿಂದ ಮಣಿಸಿದ ಮೇಲೆ ದೇಶದ ಕಣ್ಣು ಅದರ ಮೇಲೆ ಬಿತ್ತು. ಬಹಳ ಕಾಲ ಅದೇ ಹನ್ನೊಂದು ಮಂದಿ ಆಕ್ರಮಣಕ್ಕೂ ರಕ್ಷಣೆಗೂ ನಿಲ್ಲುತ್ತಿದ್ದರು. ಬದಲಿ ಆಟಗಾರರ ನಿಯಮ 1941ರಲ್ಲಿ ಸಡಿಲವಾಯಿತು, 1953ರಲ್ಲಿ ಮತ್ತೆ ಬಿಗಿಯಾಯಿತು, 1960ರ ದಶಕದ ನಡುವೆ ಪೂರ್ತಿ ತೆರೆಯಿತು. ಪಾಸ್ ತಡೆಯುವುದೊಂದನ್ನೇ ಕಸುಬಾಗಿ ಮಾಡಿಕೊಂಡ ಕಾರ್ನರ್‌ಬ್ಯಾಕ್ ಕಾಲೇಜು ಮೈದಾನದಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು ಅದರ ನಂತರವೇ.

ಅಷ್ಟರೊಳಗೆ ಲೆಕ್ಕ ಬರೆಯುವ ಅಭ್ಯಾಸ ಬೇರೂರಿಬಿಟ್ಟಿತ್ತು. ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ 1937ರಿಂದ ಅಧಿಕೃತ ಅಂಕಿಅಂಶ ಇಡತೊಡಗಿತು. ರಕ್ಷಣೆಯವರ ಪಾಲಿಗೆ ಅದರಲ್ಲಿ ಎದ್ದುಕಂಡದ್ದು ಇಂಟರ್‌ಸೆಪ್ಷನ್, ಅಂದರೆ ಎದುರಾಳಿಯ ಪಾಸನ್ನು ನಡುವೆಯೇ ಕಸಿಯುವುದು. ಪಾಸ್‌ಗೆ ಕೈ ತಗುಲಿಸಿ ಕೆಡವಿದ ಲೆಕ್ಕ ಅಧಿಕೃತವಾಗಲು 2000ನೇ ಇಸವಿಯವರೆಗೆ ಕಾಯಬೇಕಾಯಿತು. ಇಂಟರ್‌ಸೆಪ್ಷನ್ ದಾಖಲೆಗಳನ್ನೇ ನೋಡಿ. ಇಲಿನಾಯ್‌ನ ಆಲ್ ಬ್ರಾಸ್ಕಿ 1950ರಿಂದ 1952ರವರೆಗೆ ಕಸಿದ 29 ಪಾಸ್‌ಗಳ ದಾಖಲೆ, ವಾಷಿಂಗ್ಟನ್ನಿನ ಆಲ್ ವೊರ್ಲಿ 1968ರ ಒಂದೇ ಋತುವಿನಲ್ಲಿ ಕಸಿದ 14ರ ದಾಖಲೆ ಎಷ್ಟೋ ದಶಕ ಅಲುಗಾಡಲಿಲ್ಲ. ಅವರ ನಂತರ ಅವರಿಗೆ ಸಮನಾದ ರಕ್ಷಕರೇ ಹುಟ್ಟಲಿಲ್ಲ ಎಂದು ಯಾರೂ ಹೇಳಲಾರರು. ಬ್ರಾಸ್ಕಿಯ ಕಾಲದಲ್ಲಿ ಎಸೆದ ಪಾಸ್‌ಗಳಲ್ಲಿ ಅರ್ಧಕ್ಕಿಂತ ಕಡಿಮೆ ಕೈಸೇರುತ್ತಿದ್ದವು, ಇಂದು ಹತ್ತಕ್ಕೆ ಆರರಷ್ಟು ಸೇರುತ್ತವೆ. ಅಂದಿನ ಎಸೆತಗಾರ ಉದ್ದಕ್ಕೆ ಎಸೆದು ದೈವಕ್ಕೆ ಬಿಡುತ್ತಿದ್ದ, ಇಂದಿನವನು ಗಿಡ್ಡ, ಲೆಕ್ಕಾಚಾರದ ಪಾಸ್ ಎಸೆಯುತ್ತಾನೆ. ಹಾಗಾಗಿ ಈ ಅಂಕಿಯಲ್ಲಿ ಕಸಿದವನ ಕೈಚಳಕದಷ್ಟೇ ಎಸೆದವನ ಕಾಲಧರ್ಮವೂ ಸೇರಿಕೊಂಡಿದೆ.

ಕಾಲೇಜು ಮೈದಾನದ ರಚನೆಯೂ ಲೆಕ್ಕವನ್ನು ಕದಡುತ್ತದೆ. ಇದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಮೈದಾನದ ಅಗಲ 160 ಅಡಿ. ಪ್ರತಿ ಆಟವೂ ಎರಡು ಹ್ಯಾಶ್ ಗುರುತುಗಳ ನಡುವಿನ ಜಾಗದಿಂದಲೇ ಶುರುವಾಗಬೇಕು. ವೃತ್ತಿಪರ ಲೀಗ್‌ನಲ್ಲಿ ಈ ಗುರುತುಗಳ ನಡುವಿನ ಅಂತರ ಹದಿನೆಂಟೂವರೆ ಅಡಿ, ಕಾಲೇಜಿನಲ್ಲಿ 40 ಅಡಿ. ಚೆಂಡು ಒಂದು ಗುರುತಿನ ಮೇಲಿದ್ದರೆ ಒಂದು ಪಕ್ಕಕ್ಕೆ 60 ಅಡಿ, ಇನ್ನೊಂದು ಪಕ್ಕಕ್ಕೆ 100 ಅಡಿ ಉಳಿಯುತ್ತದೆ. ಗಿಡ್ಡ ಪಕ್ಕದ ಕಾರ್ನರ್‌ಗೆ ಅಂಚಿನ ಗೆರೆಯೇ ಜೊತೆಗಾರ, ರಿಸೀವರ್‌ನನ್ನು ಅತ್ತ ಒತ್ತರಿಸಿದರೆ ಅರ್ಧ ಕೆಲಸ ಮುಗಿಯಿತು. ಆದರೆ ಅಲ್ಲಿಗೆ ಪಾಸ್ ಬೇಗ ತಲುಪುತ್ತದೆ, ಓಡಿಬರುವವನನ್ನು ಕೆಡವುವ ಹೊಣೆಯೂ ಅವನ ಮೇಲೆ ಹೆಚ್ಚು. ಅಗಲ ಪಕ್ಕದವನು ಬಯಲಿನಲ್ಲಿ ಒಬ್ಬಂಟಿ, ಆದರೆ ಚೆಂಡು ಅಲ್ಲಿಗೆ ಹಾರಿ ಬರುವಷ್ಟರಲ್ಲಿ ಅವನಿಗೆ ಒಂದು ಗಳಿಗೆ ಹೆಚ್ಚು ಸಿಗುತ್ತದೆ. ನಿಯಮಗಳಲ್ಲೂ ಸಡಿಲಿಕೆಯಿದೆ. ವೃತ್ತಿಪರ ಲೀಗ್‌ನಲ್ಲಿ 1978ರಿಂದ ಐದು ಗಜದಾಚೆ ರಿಸೀವರ್‌ನ ಮೈಮುಟ್ಟುವಂತಿಲ್ಲ, ಕಾಲೇಜಿನಲ್ಲಿ ಚೆಂಡು ಗಾಳಿಗೆ ಏರುವವರೆಗೂ ಒಂದಿಷ್ಟು ತಳ್ಳಾಟ ನಡೆಯುತ್ತದೆ. ಇಬ್ಬರು ಕಾರ್ನರ್‌ಬ್ಯಾಕ್‌ಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೀರ್ಪು ಕೊಡುವವರು ಇಬ್ಬರೂ ಯಾವ ಪಕ್ಕ ನಿಂತಿದ್ದರು, ಹಿಂದೆ ಸೇಫ್ಟಿ ಎಂಬ ಹಿಂಬದಿ ರಕ್ಷಕನ ನೆರವಿತ್ತೇ, ಒಬ್ಬನೇ ರಿಸೀವರ್‌ನನ್ನು ಹಿಂಬಾಲಿಸಿದರೇ ಅಥವಾ ಒಂದು ಜಾಗವನ್ನು ಕಾದರೇ ಎಂದು ಮೊದಲು ವಿಚಾರಿಸಬೇಕು. ಟೆಲಿವಿಷನ್ ಕ್ಯಾಮೆರಾ ಇದಕ್ಕೆ ಒದಗುವುದಿಲ್ಲ. ಅದು ಚೆಂಡಿನ ಹಿಂದೆಯೇ ಹೋಗುತ್ತದೆ, ಕಾರ್ನರ್‌ಬ್ಯಾಕ್ ಮೊದಲ ಕ್ಷಣದಲ್ಲೇ ಪರದೆಯಿಂದಾಚೆ ಜಾರಿಹೋಗುತ್ತಾನೆ. ಇಪ್ಪತ್ತೆರಡು ಆಟಗಾರರನ್ನೂ ಮೇಲಿನಿಂದ ತೋರಿಸುವ ಚಿತ್ರೀಕರಣ ನೋಡಿದವನಿಗೆ ಮಾತ್ರ ಅವನ ಇಡೀ ದಿನದ ಕೆಲಸ ಕಾಣುತ್ತದೆ.

ನನ್ನ ವಾದಕ್ಕೆ ಅತಿ ಸ್ಪಷ್ಟ ಪುರಾವೆ 2021ರ ಸಿನ್ಸಿನಾಟಿ ತಂಡದಲ್ಲಿದೆ. ಆ ತಂಡದ ಒಂದು ಅಂಚಿನಲ್ಲಿ ಸಾಸ್ ಎಂದೇ ಹೆಸರಾದ ಅಹ್ಮದ್ ಗಾರ್ಡ್‌ನರ್, ಇನ್ನೊಂದು ಅಂಚಿನಲ್ಲಿ ಕೋಬಿ ಬ್ರಯಂಟ್. ಗಾರ್ಡ್‌ನರ್ ಕಾಲೇಜಿನಲ್ಲಿ ಆಡಿದ ಮೂರು ಋತುಗಳಲ್ಲಿ ಅವರು ಕಾಯುತ್ತಿದ್ದ ರಿಸೀವರ್‌ಗಳ ಪೈಕಿ ಒಬ್ಬನೂ ಟಚ್‌ಡೌನ್ ಪಾಸ್ ಹಿಡಿಯಲಿಲ್ಲ. ಆ ವರ್ಷ ರಕ್ಷಣೆಯ ಹಿಂಬದಿಯ ಶ್ರೇಷ್ಠ ಆಟಗಾರನಿಗೆ ಕೊಡುವ ಜಿಮ್ ಥಾರ್ಪ್ ಪ್ರಶಸ್ತಿ ಬಂದದ್ದು ಬ್ರಯಂಟ್ ಅವರಿಗೆ. ಬ್ರಯಂಟ್ ಒಳ್ಳೆಯ ಆಟಗಾರ, ಅವರ ದುಡಿಮೆಯನ್ನು ಕಿರಿದು ಮಾಡುವ ಅಗತ್ಯವಿಲ್ಲ. ಆದರೆ ಕ್ವಾರ್ಟರ್‌ಬ್ಯಾಕ್‌ಗಳು ಗಾರ್ಡ್‌ನರ್ ಇದ್ದ ಕಡೆ ಎಸೆಯಲು ಹಿಂಜರಿದು ಬ್ರಯಂಟ್ ಕಡೆಗೆ ಎಸೆದದ್ದರಿಂದ ಚೆಂಡಿಗೆ ಕೈಹಾಕುವ ಅವಕಾಶ ಬ್ರಯಂಟ್ ಅವರಿಗೆ ಹೆಚ್ಚು ಸಿಕ್ಕಿತು. ಒಂದು ತುದಿಯಿಂದ ರನ್ ಬಿಡದೆ ಕಟ್ಟಿಹಾಕುವ ಬೌಲರ್‌ನ ಒತ್ತಡಕ್ಕೆ ಇನ್ನೊಂದು ತುದಿಯಲ್ಲಿ ವಿಕೆಟ್ ಬೀಳುವುದನ್ನು ಕ್ರಿಕೆಟ್ ಬಲ್ಲವರೆಲ್ಲ ನೋಡಿದ್ದಾರೆ, ಇದೂ ಅದೇ ಬಗೆ. ಮುಂದಿನ ಏಪ್ರಿಲ್‌ನಲ್ಲಿ, ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ವೃತ್ತಿಪರ ತಂಡಗಳು ತಮ್ಮ ಲೆಕ್ಕ ತೋರಿಸಿದವು. ಗಾರ್ಡ್‌ನರ್ ನಾಲ್ಕನೆಯ ಆಯ್ಕೆಯಾದರು, ಪ್ರಶಸ್ತಿ ಪಡೆದಿದ್ದ ಬ್ರಯಂಟ್ ನಾಲ್ಕನೆಯ ಸುತ್ತಿನವರೆಗೆ ಕಾಯಬೇಕಾಯಿತು.

ಇದಕ್ಕೆ ಮೊದಲ ಆಕ್ಷೇಪ ಸುಲಭದ್ದಲ್ಲ. ಚೆಂಡು ಬರಲಿಲ್ಲ ಎಂದ ಮಾತ್ರಕ್ಕೆ ಭಯದಿಂದ ಬರಲಿಲ್ಲ ಎನ್ನುವುದು ಹೇಗೆ? ಮುಂಚೂಣಿಯ ರಕ್ಷಕರು ಬೇಗ ನುಗ್ಗಿ ಕ್ವಾರ್ಟರ್‌ಬ್ಯಾಕ್‌ನನ್ನು ಕಂಗೆಡಿಸಿರಬಹುದು, ಎದುರಾಳಿಯ ಒಳ್ಳೆಯ ರಿಸೀವರ್ ಬೇರೆ ಪಕ್ಕ ನಿಂತಿರಬಹುದು. ಈ ಆಕ್ಷೇಪದಲ್ಲಿ ಸತ್ಯವಿದೆ, ಖಾಲಿ ಪುಟ ತಾನಾಗಿಯೇ ಪುರಾವೆಯಲ್ಲ. ಲೂಸಿಯಾನಾ ಸ್ಟೇಟ್‌ನ ಡೆರೆಕ್ ಸ್ಟಿಂಗ್ಲಿ ಜೂನಿಯರ್ ಅವರ ಕತೆ ಎರಡೂ ಕಡೆಯವರಿಗೆ ಎಚ್ಚರಿಕೆ ಕೊಡುತ್ತದೆ. 2019ರಲ್ಲಿ ಮೊದಲ ವರ್ಷದ ವಿದ್ಯಾರ್ಥಿಯಾಗಿ ಅವರು 6 ಇಂಟರ್‌ಸೆಪ್ಷನ್ ಗಳಿಸಿದರು, ತಂಡ 15 ಪಂದ್ಯಗಳನ್ನೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. ಮರುವರ್ಷ ಒಂದೂ ಇಲ್ಲ, ಅದರ ಮರುವರ್ಷ ಪಾದದ ಗಾಯದಿಂದ ಮೂರೇ ಪಂದ್ಯ. ಬರಿಯ ಅಂಕಿ ನೋಡಿದರೆ ಆಟಗಾರ ಕುಸಿದ ಎನ್ನಬೇಕು. 2020ರ ಮೊದಲ ಪಂದ್ಯಕ್ಕೆ ಅನಾರೋಗ್ಯದಿಂದ ಅವರು ಇಳಿಯಲೇ ಇಲ್ಲ, ಅಂದು ಮಿಸಿಸಿಪಿ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ 623 ಗಜ ಪಾಸ್ ಎಸೆದು ಎರಡೂ ತಂಡಗಳು ಸೇರಿದ್ದ ಕಾನ್ಫರೆನ್ಸ್‌ನ, ಅಂದರೆ ತಂಡಗಳ ಒಕ್ಕೂಟದ, ದಾಖಲೆ ಮುರಿದರು. ಇದನ್ನೇ ಹಿಡಿದು ಸ್ಟಿಂಗ್ಲಿ ಒಬ್ಬರ ಬೆಲೆ ಇಷ್ಟು ಎನ್ನಲು ಆಸೆಯಾಗುತ್ತದೆ, ಅದು ತಪ್ಪು. ಆ ತಂಡದ ರಕ್ಷಣೆಯ ತರಬೇತುದಾರ ಬದಲಾಗಿದ್ದರು, ಚಾಂಪಿಯನ್ ತಂಡದ ಹಲವರು ವೃತ್ತಿಪರ ಲೀಗ್‌ಗೆ ಹೋಗಿದ್ದರು, ಎದುರಿಗಿದ್ದ ಮೈಕ್ ಲೀಚ್ ಜೀವನವಿಡೀ ಪಾಸ್‌ನ ಆಟವನ್ನೇ ಕಲಿಸಿದ ತರಬೇತುದಾರ. ಹಾಗಾದರೆ ಮಾಡಬೇಕಾದದ್ದೇನು? ಒಂದು ಪಂದ್ಯ, ಒಂದು ಋತು ಸಾಲದು. ನೆರವಿಲ್ಲದೆ ಒಬ್ಬನೇ ಕಾದ ಸಂದರ್ಭಗಳಲ್ಲಿ ಅವನ ಕಡೆ ಎಷ್ಟು ಪಾಸ್ ಬಂದವು, ಅವುಗಳಲ್ಲಿ ಎಷ್ಟು ಕೈಸೇರಿದವು ಎಂಬುದನ್ನು ವರ್ಷಗಳ ಉದ್ದಕ್ಕೂ ನೋಡಬೇಕು. 2014ರಿಂದ ಕಾಲೇಜು ಪಂದ್ಯಗಳ ಪ್ರತಿ ಆಟವನ್ನೂ ವಿಡಿಯೊದಲ್ಲಿ ನೋಡಿ ಗುರುತು ಹಾಕುವ ಖಾಸಗಿ ಲೆಕ್ಕಿಗರು ಬಂದ ಮೇಲೆ ಇದು ಸಾಧ್ಯವಾಗಿದೆ. ಯಾವ ರಿಸೀವರ್ ಯಾರ ಹೊಣೆ ಎಂದು ನಿರ್ಧರಿಸುವಾಗ ಅವರೂ ಊಹೆ ಮಾಡುತ್ತಾರೆ ನಿಜ. ಆದರೂ ಬರೀ ಇಂಟರ್‌ಸೆಪ್ಷನ್ ಎಣಿಸುವುದಕ್ಕಿಂತ ಆ ಊಹೆ ಎಷ್ಟೋ ಮೇಲು.

ಎರಡನೆಯ ಆಕ್ಷೇಪ ಗಾರ್ಡ್‌ನರ್ ಅವರ ಎದುರಾಳಿಗಳ ಬಗ್ಗೆ. ಸಿನ್ಸಿನಾಟಿ ಆಗ ಆಡುತ್ತಿದ್ದದ್ದು ಸಣ್ಣ ಕಾನ್ಫರೆನ್ಸ್‌ನಲ್ಲಿ, ದುರ್ಬಲರ ಎದುರು ಯಾರು ಬೇಕಾದರೂ ಮೆರೆಯಬಹುದು ಎನ್ನುತ್ತಾರೆ. ಆದರೆ 2021ರಲ್ಲಿ ಆ ತಂಡ ನೋಟರ್ ಡೇಮ್ ಅನ್ನು ಅದರ ಮನೆಯಂಗಳದಲ್ಲೇ 24–13ರಿಂದ ಸೋಲಿಸಿತು, ಸೋಲೇ ಇಲ್ಲದೆ ಪ್ಲೇಆಫ್ ಸೆಮಿಫೈನಲ್ ತಲುಪಿತು. ಅಲ್ಲಿ ಎದುರಾದ ಅಲಬಾಮಾದ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್ ಆ ವರ್ಷದ ಹೈಸ್‌ಮನ್ ವಿಜೇತ. ಯಂಗ್ ಅಂದು ಪಾಸ್‌ನಿಂದ ಗಳಿಸಿದ್ದು 181 ಗಜ ಮಾತ್ರ. ಹಾಗಿದ್ದೂ ಅಲಬಾಮಾ 27–6ರಿಂದ ಗೆದ್ದಿತು. ಬ್ರಯನ್ ರಾಬಿನ್ಸನ್ ಜೂನಿಯರ್ ಚೆಂಡು ಹಿಡಿದು 204 ಗಜ ಓಡಿದರು, ತಂಡದ ಒಟ್ಟು ಓಟ 300 ಗಜ ದಾಟಿತು. ಈ ಪಂದ್ಯ ನನ್ನ ವಾದಕ್ಕೆ ಬಲವನ್ನೂ ಕೊಡುತ್ತದೆ, ಮಿತಿಯನ್ನೂ ಹಾಕುತ್ತದೆ. ಆ ವರ್ಷದ ಶ್ರೇಷ್ಠ ಎಸೆತಗಾರನಿದ್ದ ತಂಡವೇ ಎಸೆಯುವ ಬದಲು ನೆಲದ ಮೇಲೆ ಓಡುವುದನ್ನು ಆರಿಸಿಕೊಂಡಿತೆಂದರೆ ಎರಡೂ ಅಂಚುಗಳು ಎಷ್ಟು ಭದ್ರವಾಗಿದ್ದವು ಎಂದು ತಿಳಿಯುತ್ತದೆ. ಹಾಗೆಯೇ, ಕಾರ್ನರ್‌ಬ್ಯಾಕ್ ಎಷ್ಟೇ ದೊಡ್ಡವನಾಗಲಿ, ಮುಂಚೂಣಿ ಸೋತ ದಿನ ಅವನ ಹಿಡಿತ ತಂಡವನ್ನು ಉಳಿಸಲಾರದು. ಕ್ವಾರ್ಟರ್‌ಬ್ಯಾಕ್‌ನಂತೆ ಪ್ರತಿ ಆಟದಲ್ಲೂ ಚೆಂಡು ಮುಟ್ಟುವ ಅಧಿಕಾರ ಅವನಿಗಿಲ್ಲ. ಅವನನ್ನು ಕ್ವಾರ್ಟರ್‌ಬ್ಯಾಕ್ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ಎಷ್ಟೋ ಗೊಂದಲ ಹುಟ್ಟುತ್ತದೆ.

2024ರ ಹೈಸ್‌ಮನ್ ಈ ಗೊಂದಲವನ್ನು ಇನ್ನೊಮ್ಮೆ ಕಣ್ಣೆದುರು ನಿಲ್ಲಿಸಿತು. ಕೊಲೊರಾಡೊದ ಟ್ರಾವಿಸ್ ಹಂಟರ್ ರಿಸೀವರ್ ಆಗಿ 1,258 ಗಜ, 15 ಟಚ್‌ಡೌನ್, ಕಾರ್ನರ್‌ಬ್ಯಾಕ್ ಆಗಿ 4 ಇಂಟರ್‌ಸೆಪ್ಷನ್ ಗಳಿಸಿ ಟ್ರೋಫಿ ಪಡೆದರು. ಅವರ ತರಬೇತುದಾರ ಡಿಯಾನ್ ಸ್ಯಾಂಡರ್ಸ್, 1988ರಲ್ಲಿ ಫ್ಲಾರಿಡಾ ಸ್ಟೇಟ್ ಪರವಾಗಿ ಥಾರ್ಪ್ ಪ್ರಶಸ್ತಿ ಗೆದ್ದ ಕಾರ್ನರ್‌ಬ್ಯಾಕ್. ಹಂಟರ್ ಅವರಂತೆ ಎರಡೂ ಕಡೆ ಪೂರ್ತಿ ಪಂದ್ಯ ನಿಲ್ಲಬಲ್ಲವರು ಈ ಕಾಲದಲ್ಲಿ ಅಪರೂಪ, ಆ ದೇಹಶ್ರಮಕ್ಕೆ ಟ್ರೋಫಿ ನ್ಯಾಯವೇ ಸರಿ. ಆದರೆ ಆ ವರ್ಷದ ಥಾರ್ಪ್ ಪ್ರಶಸ್ತಿ ಟೆಕ್ಸಸ್‌ನ ಜಾಡೆ ಬ್ಯಾರನ್ ಅವರಿಗೆ ಹೋಯಿತು. ಹೈಸ್‌ಮನ್ ಗೆದ್ದ ಕಾರ್ನರ್‌ಬ್ಯಾಕ್‌ನನ್ನು ಅವನದೇ ವಿಭಾಗದ ತೀರ್ಪುಗಾರರು ಮೊದಲನೆಯವನೆಂದು ಒಪ್ಪಲಿಲ್ಲ. ಎರಡು ಸಮಿತಿಗಳು ಎರಡು ಬೇರೆ ಪ್ರಶ್ನೆ ಕೇಳಿಕೊಂಡವು, ಎರಡಕ್ಕೂ ಉತ್ತರ ಬೇರೆ ಬಂತು. ಕಾರ್ನರ್‌ಬ್ಯಾಕ್ ಎಂಬ ಕಾರಣಕ್ಕಷ್ಟೇ ಹೈಸ್‌ಮನ್ ಗೆದ್ದವನು ಇನ್ನೂ ಯಾರೂ ಇಲ್ಲ, ಈಗಿನ ಎಣಿಕೆಯ ಕ್ರಮ ಮುಂದುವರಿದರೆ ಬೇಗ ಬರುವ ಸೂಚನೆಯೂ ಇಲ್ಲ.

ಹೈಸ್‌ಮನ್ ಮತದಾರರಿಂದ ಇದನ್ನು ನಿರೀಕ್ಷಿಸುವುದು ಅತಿಯಾಯಿತು ಎಂದೇ ಇಟ್ಟುಕೊಳ್ಳೋಣ, ಅದು ಎಲ್ಲ ಬಗೆಯ ಆಟಗಾರರ ಪ್ರಶಸ್ತಿ. ರಕ್ಷಣೆಯ ಹಿಂಬದಿಗೆಂದೇ ಮೀಸಲಾದ ಥಾರ್ಪ್ ಪ್ರಶಸ್ತಿಯವರಿಗೆ ಆ ವಿನಾಯಿತಿ ಇಲ್ಲ. ಕಸಿದ ಪಾಸ್‌ಗಳ ಪಟ್ಟಿಯ ಪಕ್ಕದಲ್ಲೇ ಎದುರಾಳಿ ಎಸೆಯದೆ ಬಿಟ್ಟ ಪಾಸ್‌ಗಳ ಪಟ್ಟಿಯನ್ನೂ ಇಟ್ಟುಕೊಂಡು ಅವರು ಕೂರಬೇಕು. ಆ ಅಳತೆಯಲ್ಲಿ ನೋಡಿದರೆ 2021ರ ಪ್ರಶಸ್ತಿ ಗಾರ್ಡ್‌ನರ್ ಅವರಿಗೆ ಸಲ್ಲಬೇಕಿತ್ತು.