ನೀರಿನ ವಿದ್ಯುತ್ ವಾಹಕತೆ

ನೀರಿನ ವಿದ್ಯುತ್ ವಾಹಕತೆ ಎಂಬುದು ವಿದ್ಯುತ್ ಕ್ಷೇತ್ರಕ್ಕೆ ಒಳಗಾದ ನೀರಿನಲ್ಲಿ ವಿದ್ಯುದಾವೇಶವು ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದರ ಅಳತೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲೂಕುಗಳಂತಹ ಮಳೆ ಕಡಿಮೆಯಿರುವ ಪ್ರದೇಶಗಳಲ್ಲಿ ಕೊಳವೆ ಬಾವಿ ನೀರಿನ ಲವಣಾಂಶವನ್ನು ಅಂದಾಜಿಸಲು ಇದು ಸುಲಭದ ಮಾರ್ಗ. ಆದರೆ ಚಿತ್ರದುರ್ಗ ಜಿಲ್ಲೆಯ ಅಂತರ್ಜಲದ ಮುಖ್ಯ ದೋಷಗಳಲ್ಲೊಂದಾದ ಫ್ಲೋರೈಡನ್ನು ಈ ಅಳತೆಯಿಂದ ಗುರುತಿಸಲಾಗದು.

ಅಣು ಮತ್ತು ಅಯಾನುಗಳ ವರ್ತನೆ

ನೀರಿನ ಅಣುವಿನಲ್ಲಿ ಆಮ್ಲಜನಕದ ಭಾಗವು ತುಸು ಋಣಾವೇಶವನ್ನೂ ಜಲಜನಕದ ಭಾಗವು ತುಸು ಧನಾವೇಶವನ್ನೂ ಹೊಂದಿರುತ್ತದೆ. ಇಂತಹ ಅಣುವನ್ನು ದ್ವಿಧ್ರುವ ಎನ್ನುತ್ತಾರೆ. ಏಕರೂಪದ ವಿದ್ಯುತ್ ಕ್ಷೇತ್ರದಲ್ಲಿ ದ್ವಿಧ್ರುವವು ಕ್ಷೇತ್ರದ ದಿಕ್ಕಿಗೆ ತಿರುಗಲು ಯತ್ನಿಸುತ್ತದೆಯೇ ಹೊರತು ಒಂದು ಕಡೆಗೆ ಸಾಗುವುದಿಲ್ಲ. ಉಷ್ಣ ಚಲನೆಯು ಈ ಜೋಡಣೆಯನ್ನು ಸತತವಾಗಿ ಕೆಡಿಸುವುದರಿಂದ ಅಣುಗಳು ಅತ್ಯಲ್ಪವಾಗಿ ಮಾತ್ರ ಓರಣಗೊಳ್ಳುತ್ತವೆ.

ನೀರಿನಲ್ಲಿ ಕರಗಿದ ಸೋಡಿಯಂ, ಕ್ಯಾಲ್ಸಿಯಂ, ಕ್ಲೋರೈಡ್, ಬೈಕಾರ್ಬೊನೇಟ್ ಮೊದಲಾದ ಅಯಾನುಗಳ ಸ್ಥಿತಿ ಬೇರೆ. ಅವು ನಿವ್ವಳ ಆವೇಶ ಹೊಂದಿರುವುದರಿಂದ ವಿರುದ್ಧ ಧ್ರುವದತ್ತ ಸಾಗುತ್ತವೆ. ವೇಗ ಮಾತ್ರ ಬಹಳ ಕಡಿಮೆ: ಸೆಂಟಿಮೀಟರಿಗೆ 1 ವೋಲ್ಟ್ ಕ್ಷೇತ್ರದಲ್ಲಿ ಸೋಡಿಯಂ ಅಯಾನು ಸೆಕೆಂಡಿಗೆ ಸುಮಾರು 5 ಮೈಕ್ರೊಮೀಟರ್ ಚಲಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಶುದ್ಧ ನೀರಿನ ವಾಹಕತೆ ಸೆಂಟಿಮೀಟರಿಗೆ 0.055 ಮೈಕ್ರೊಸೀಮೆನ್ಸ್. ಬಾವಿಯ ನೀರಿನಲ್ಲಿ ಇದು ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು. ಈ ವ್ಯತ್ಯಾಸಕ್ಕೆ ಅಯಾನುಗಳೇ ಕಾರಣ.

ಮಾಪನ

ಮಾಪಕದ ಎರಡು ವಿದ್ಯುದ್ವಾರಗಳ ನಡುವೆ ಪರ್ಯಾಯ ವಿದ್ಯುತ್ತನ್ನು ಹಾಯಿಸಲಾಗುತ್ತದೆ. ನೇರ ವಿದ್ಯುತ್ತನ್ನು ಬಳಸಿದರೆ ಅಯಾನುಗಳು ವಿದ್ಯುದ್ವಾರಗಳ ಬಳಿ ಗುಂಪುಗೂಡಿ ಅಳತೆ ತಪ್ಪುತ್ತದೆ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ವಾಹಕತೆ ಸುಮಾರು ಶೇ. 2ರಷ್ಟು ಹೆಚ್ಚುವುದರಿಂದ ಫಲಿತಾಂಶವನ್ನು 25 ಡಿಗ್ರಿಗೆ ಹೊಂದಿಸಿ ಹೇಳುವುದು ರೂಢಿ. ಮನೆಗಳಲ್ಲಿ ಬಳಸುವ ಟಿಡಿಎಸ್ ಮೀಟರ್ ಅಳೆಯುವುದೂ ವಾಹಕತೆಯನ್ನೇ. ಅದನ್ನು ಸಾಮಾನ್ಯವಾಗಿ 0.5ರಿಂದ 0.7ರ ನಡುವಿನ ಗುಣಾಂಕದಿಂದ ಗುಣಿಸಿ ಒಟ್ಟು ಕರಗಿದ ಘನಾಂಶವೆಂದು ತೋರಿಸುತ್ತದೆ. ಆ ಮಟ್ಟಿಗೆ ಉಪಕರಣದ ಹೆಸರೇ ತುಸು ದಾರಿತಪ್ಪಿಸುವಂಥದ್ದು.

ಫ್ಲೋರೈಡ್ ಮತ್ತು ವಾಹಕತೆ

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವಿಲ್ಲದಿದ್ದಲ್ಲಿ ಮಿತಿ 1.5 ಮಿಲಿಗ್ರಾಂ. ಮಿತಿ ಮೀರಿದ ನೀರನ್ನು ದೀರ್ಘಕಾಲ ಕುಡಿದರೆ ಮಕ್ಕಳ ಹಲ್ಲುಗಳಲ್ಲಿ ಕಲೆಗಳು ಮೂಡುತ್ತವೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ ಮತ್ತು ಕೀಲುಗಳಿಗೆ ಹಾನಿಯಾಗುತ್ತದೆ. ಆದರೆ 1.5 ಮಿಲಿಗ್ರಾಂ ಫ್ಲೋರೈಡ್ ಅಯಾನು ವಾಹಕತೆಗೆ ಸೇರಿಸುವುದು ಕೇವಲ 4.4 ಮೈಕ್ರೊಸೀಮೆನ್ಸ್. ಒಟ್ಟು ವಾಹಕತೆ 1,000 ಇರುವ ನೀರಿನಲ್ಲಿ ಇದು ಅರ್ಧ ಶೇಕಡಾಕ್ಕಿಂತಲೂ ಕಡಿಮೆ.

ರುಚಿಯೂ ನೆರವಾಗದು. ಕ್ಯಾಲ್ಸಿಯಂ ಹೆಚ್ಚಿರುವ ಗಡಸು ನೀರಿನಲ್ಲಿ ಫ್ಲೋರೈಡ್ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಒತ್ತರಿಸಬಲ್ಲುದು. ಆದ್ದರಿಂದ ಸೋಡಿಯಂ ಬೈಕಾರ್ಬೊನೇಟ್ ಪ್ರಧಾನವಾದ ಮೆದು ನೀರಿನಲ್ಲೇ ಅದು ಹೆಚ್ಚಾಗಿ ಉಳಿಯುತ್ತದೆ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಅದರ ಸಾಂದ್ರತೆ ಏರುತ್ತದೆ.

ಫ್ಲೋರೈಡನ್ನು ಪ್ರತ್ಯೇಕವಾಗಿ ಅಳೆಯಲು ಲ್ಯಾಂಥನಂ ಫ್ಲೋರೈಡ್ ಹರಳಿನ ವಿದ್ಯುದ್ವಾರವನ್ನು ಅಥವಾ ಬಣ್ಣದ ರಾಸಾಯನಿಕ ಪರೀಕ್ಷೆಯನ್ನು ಬಳಸಲಾಗುತ್ತದೆ. ಶುದ್ಧ ನೀರಿನ ಘಟಕಗಳಲ್ಲಿ ರಿವರ್ಸ್ ಆಸ್ಮೋಸಿಸ್‌ಗೆ ಮೊದಲಿನ ಮತ್ತು ನಂತರದ ವಾಹಕತೆಯನ್ನು ಹೋಲಿಸಿದರೆ ಪೊರೆಯು ಕೆಲಸ ಮಾಡುತ್ತಿದೆಯೇ ಎಂಬುದು ತಿಳಿಯುತ್ತದೆ. ಕೊಳವೆ ಬಾವಿಯಿಂದ ನೇರವಾಗಿ ಬಂದ ನೀರಿನ ಫ್ಲೋರೈಡ್ ತಿಳಿಯಲು ಮಾತ್ರ ಪ್ರಯೋಗಾಲಯದ ಪರೀಕ್ಷೆ ಅಥವಾ ಫ್ಲೋರೈಡ್ ಕಿಟ್ ಬೇಕಾಗುತ್ತದೆ.