ದಲ್ಲಾಳಿ ಮಾಮನ ರಾಜಕೀಯ

ನಮ್ಮ ತವರಿನ ಕಡೆ, ಬೆಂಗಳೂರಿನ ಬಸವನಗುಡಿಯಲ್ಲಿ, ಮನೆ ಕೊಡಿಸುವ ಮಾರಿಸುವ ದಲ್ಲಾಳಿಯೊಬ್ಬರಿದ್ದಾರೆ. ವಯಸ್ಸು ತೊಂಬತ್ತಕ್ಕೆ ಹತ್ತಿರ. ಅಪ್ಪನ ಜೊತೆ ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುತ್ತಿದ್ದವರು. ನಾವು ಮಕ್ಕಳು ಅವರನ್ನು ದಲ್ಲಾಳಿ ಮಾಮ ಎನ್ನುತ್ತಿದ್ದೆವು. ಎದುರಿಗೆ ಬರೀ ಮಾಮ. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಕೆಂಪು ಬಟ್ಟೆ ಹೊದಿಸಿದ ಒಂದು ಪುಸ್ತಕ. ಯಾವ ರಸ್ತೆಯಲ್ಲಿ ಯಾವ ಬಂಗಲೆ, ಎಷ್ಟು ಅಡಿ, ಯಾರ ಹೆಸರು, ಎಷ್ಟು ಜನ ಗಂಡುಮಕ್ಕಳು ಎಲ್ಲವೂ ಅದರಲ್ಲಿ. ಹೆಣ್ಣುಮಕ್ಕಳ ಲೆಕ್ಕಕ್ಕೆ ಮಾತ್ರ ಮೊದಮೊದಲು ಅದರಲ್ಲಿ ಜಾಗವಿರಲಿಲ್ಲ.

ಮಾಮನಿಗೆ ಪತ್ರಿಕೆ ಓದುವ ಚಟ. ಆದರೆ ರಾಜಕೀಯ ತಿಳಿಯುವುದಕ್ಕೆ ಪತ್ರಿಕೆ ಬೇಕಿಲ್ಲ ಎಂದು ಅವರ ವಾದ. "ದೊಡ್ಡ ಮನೆ ಮಾರಾಟ ಆಗ್ತಿದ್ಯಾ, ನಿಂತಿದ್ಯಾ, ಅಷ್ಟು ನೋಡಮ್ಮ ಸಾಕು. ವಿಧಾನಸೌಧದಲ್ಲಿ ಏನು ನಡೀತಿದೆ ಅಂತ ನಾನು ಇಲ್ಲೇ ಕೂತು ಹೇಳ್ತೀನಿ" ಎನ್ನುತ್ತಿದ್ದರು. ಚುನಾವಣೆ ಬಂತೆಂದರೆ ಎರಡು ತಿಂಗಳು ದೊಡ್ಡ ವ್ಯಾಪಾರವಿಲ್ಲ, ದುಡ್ಡೆಲ್ಲ ಬೇರೆ ಕಡೆ ಹೋಗಿರುತ್ತದೆ ಎಂಬುದು ಅವರ ಸಿದ್ಧಾಂತ. ಚುನಾವಣೆ ಮುಗಿದ ಮೇಲೆ ಯಾರು ಗೆದ್ದರು ಎನ್ನುವುದಕ್ಕಿಂತ ಯಾರು ಮನೆ ಹುಡುಕಿಕೊಂಡು ಬಂದರು ಎನ್ನುವುದರ ಮೇಲೆ ಅವರ ಕಣ್ಣು.

ಅವರ ಮಾತಿನಲ್ಲಿ ಬಡಾಯಿ ಇತ್ತು, ನಿಜ. ಆದರೂ ನಮ್ಮ ಬಡಾವಣೆಯ ಚರಿತ್ರೆಯನ್ನು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ, ಅವರ ಬಾಯಿಂದ. ಬಸವನಗುಡಿ, ಮಲ್ಲೇಶ್ವರ ಎರಡೂ 1898ರ ಪ್ಲೇಗಿನ ಸುಮಾರಿಗೆ ಹುಟ್ಟಿದ ಬಡಾವಣೆಗಳು. ಪೇಟೆಯ ಇಕ್ಕಟ್ಟಿನಲ್ಲಿ ಇಲಿ ಬಿದ್ದು ಜನ ಸತ್ತಾಗ, ಗಾಳಿ ಬೆಳಕು ಇರುವ ಅಗಲ ರಸ್ತೆ, ದೊಡ್ಡ ನಿವೇಶನ, ಹಿಂದೊಂದು ಸಂದಿ ಎಂದು ಲೆಕ್ಕ ಹಾಕಿ ಮಾಡಿದ್ದು. ಅಂಗಳ, ಬಾವಿ, ಸಂಪಿಗೆ ಮರ ಇದ್ದರೆ ಅದು ಆಗಿನ ದೊಡ್ಡ ಮನೆ. ಈಗ ದೊಡ್ಡ ಮನೆ ಎಂದರೆ ಬಚ್ಚಲುಮನೆ ಎಷ್ಟಿವೆ ಎಂಬ ಲೆಕ್ಕ. ನಾಲ್ಕು ಜನರಿರುವ ಮನೆಗೆ ಐದು ಬಚ್ಚಲು ಯಾಕೆ ಬೇಕೋ, ತೊಳೆಯುವವರನ್ನು ಯಾರೂ ಕೇಳುವುದಿಲ್ಲ.

ಮಾಮ ಬೈಯುತ್ತಿದ್ದ ಮೊದಲ ಕಾನೂನು 1976ರದು. ತುರ್ತುಪರಿಸ್ಥಿತಿಯ ಕಾಲ. ಇಲ್ಲಿ ದೇವರಾಜ ಅರಸರು ಎರಡು ವರ್ಷದ ಹಿಂದೆಯಷ್ಟೇ ಉಳುವವನಿಗೆ ಭೂಮಿ ಕೊಡುವ ಕಾಯಿದೆಗೆ ಬಲ ತುಂಬಿದ್ದರು. ಈಗ ದೆಹಲಿಯಿಂದ ನಗರ ಭೂಮಿತಿ ಕಾಯಿದೆ ಬಂತು. ಬೆಂಗಳೂರಿನಂಥ ಊರಿನಲ್ಲಿ ಒಬ್ಬರ ಕೈಯಲ್ಲಿ ಒಂದು ಸಾವಿರ ಚದರ ಮೀಟರಿಗಿಂತ ಹೆಚ್ಚು ಖಾಲಿ ಜಾಗ ಇರಕೂಡದು. ಹೆಚ್ಚಿದ್ದರೆ ಸರ್ಕಾರಕ್ಕೆ. ಬಡವರಿಗೆ ನಿವೇಶನ ಸಿಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ನಡೆದದ್ದು ಬೇರೆ. ಹಿಂದಿನ ತಾರೀಖಿನ ಛಾಪಾ ಕಾಗದಕ್ಕೆ ಆ ವರ್ಷ ಎಲ್ಲಿಲ್ಲದ ಬೇಡಿಕೆ ಬಂತಂತೆ. ಸಂಪಿಗೆ ಮರದ ಅಂಗಳಗಳನ್ನು ಕಾಗದದ ಮೇಲೆ ಹೋಳು ಹೋಳು ಮಾಡಿ ಮನೆಯವರಿಗೆಲ್ಲ ಹಂಚಿದರಂತೆ. "ಆವಾಗ ನೋಡಮ್ಮ, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಜ್ಞಾಪಿಸಿಕೊಂಡರು. ಹೆಸರು ಬೇಕಾಗಿತ್ತಲ್ಲ!" ಎಂದು ಮಾಮ ನಗುತ್ತಿದ್ದರು. ಕಾಯಿದೆ ರದ್ದಾದದ್ದು 1999ರಲ್ಲಿ. ಅಷ್ಟರೊಳಗೆ ಎಷ್ಟೋ ಅಂಗಳಗಳು ನಿಜವಾಗಿಯೂ ಹೋಳಾಗಿದ್ದವು.

ಎರಡನೆಯದು ಇನ್ನೂ ತಮಾಷೆಯದು. ದೊಡ್ಡ ಮನೆಯ ವ್ಯಾಪಾರದಲ್ಲಿ ಪತ್ರದಲ್ಲಿ ಬರೆಯುವ ಬೆಲೆ ಒಂದು, ಚೀಲದಲ್ಲಿ ಬರುವ ಬೆಲೆ ಇನ್ನೊಂದು. ಇದು ನಮ್ಮ ದೇಶದಲ್ಲಿ ಯಾರಿಗೂ ಗುಟ್ಟಲ್ಲ. ಇದನ್ನು ಹಿಡಿಯಲು 1986ರಲ್ಲಿ ಆದಾಯ ತೆರಿಗೆ ಕಾನೂನಿಗೆ ಹೊಸ ಅಧ್ಯಾಯವೊಂದನ್ನು ಸೇರಿಸಿದರು. ಮೊದಲು ದೆಹಲಿ, ಮುಂಬಯಿಯಂಥ ಊರುಗಳಿಗೆ ಬಂದದ್ದು ಸ್ವಲ್ಪ ಸಮಯದಲ್ಲೇ ಬೆಂಗಳೂರಿಗೂ ಬಂತು. ದೊಡ್ಡ ಮೊತ್ತದ ಮನೆ ಮಾರುವ ಮುಂಚೆ ಇಲಾಖೆಗೆ ತಿಳಿಸಬೇಕು. ಬೆಲೆ ತೀರ ಕಡಿಮೆ ತೋರಿಸಿದ್ದೀರಿ ಎನ್ನಿಸಿದರೆ, ನೀವು ಬರೆದ ಬೆಲೆಗೇ ಸರ್ಕಾರ ಆ ಮನೆಯನ್ನು ಕೊಂಡು ಹರಾಜು ಹಾಕಬಹುದು! ಆ ವರ್ಷಗಳಲ್ಲಿ ಮಾಮನ ಗಿರಾಕಿಗಳಿಗೆ ನಿದ್ದೆಯಿರಲಿಲ್ಲ. 2002ರಲ್ಲಿ ಆ ಭಯವೂ ತೀರಿತು. ಮುಂದೆ 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ಮಾಮ ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ ಎಂದು ಕೇಳಿದ್ದೇನೆ. ಯಾಕೆಂದು ನಾನು ಕೇಳಲಿಲ್ಲ.

ಆದರೆ ಇವೆಲ್ಲಕ್ಕಿಂತ ಅವರಿಗೆ ಸಿಟ್ಟು ತರಿಸಿದ್ದು ಹೆಣ್ಣುಮಕ್ಕಳ ಕಾಯಿದೆ. "ಗಂಡುಮಕ್ಕಳು ಇಬ್ಬರು ಇದ್ದರೆ ಎರಡು ಸಹಿಯಲ್ಲಿ ಮುಗೀತಿತ್ತು. ಈಗ ಒಬ್ಬಳು ಅಮೆರಿಕಾ, ಒಬ್ಬಳು ಹುಬ್ಬಳ್ಳಿ. ಅವರ ಸಹಿ ಇಲ್ಲದೆ ಬಂಗಲೆ ಅಲ್ಲಾಡಲ್ಲ. ವೋಟಿಗೋಸ್ಕರ ಮನೆ ಒಡೆಯೋ ಕಾನೂನು ಮಾಡ್ತಾರೆ" ಎಂದು ಅವರು ನನ್ನೆದುರಿಗೇ ಹೇಳುವರು. ನಾನೂ ಒಬ್ಬ ಮಗಳು ಎಂಬುದು ಅವರಿಗೆ ಹೊಳೆಯುತ್ತಲೇ ಇರಲಿಲ್ಲ.

ಇದರ ಚರಿತ್ರೆ ಸ್ವಲ್ಪ ಹೇಳಬೇಕು. ಹಳೆಯ ಮೈಸೂರು ಸಂಸ್ಥಾನದಲ್ಲಿ 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯಿದೆಯೊಂದು ಬಂದಿತ್ತು. ಮನೆ ಪಾಲಾಗುವಾಗ ಮದುವೆಯಾಗದ ಹೆಣ್ಣುಮಕ್ಕಳಿಗೂ ಒಂದು ಭಾಗ: ಅಣ್ಣತಮ್ಮಂದಿರದರ ಕಾಲುಪಾಲು. ಕಾಲಾದರೂ ಇತ್ತಲ್ಲ! 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಇನ್ನೂ ಮುಂದೆ ಹೋಯಿತು. ತಂದೆ ಸ್ವಂತವಾಗಿ ಸಂಪಾದಿಸಿದ ಆಸ್ತಿಗೆ ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಆದರೆ ಅದರಲ್ಲಿ ಒಂದು ಕೊಕ್ಕೆ: ವಾಸದ ಮನೆಯಾಗಿದ್ದರೆ, ಗಂಡುಮಕ್ಕಳು ಪಾಲು ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ಪಾಲು ಕೇಳುವ ಹಾಗಿಲ್ಲ. ಹಕ್ಕಿದೆ, ಬಾಯಿಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಂತೆಯೇ ಹುಟ್ಟಿನಿಂದ ಹಕ್ಕು ಎಂದು ಕರ್ನಾಟಕ ಒಪ್ಪಿದ್ದು 1994ರ ಜುಲೈನಲ್ಲಿ. ಅದೂ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಬಿಟ್ಟು. 2005ರಲ್ಲಿ ದೇಶಕ್ಕೆಲ್ಲ ಆ ಹಕ್ಕು ಬಂತು, ವಾಸದ ಮನೆಯ ಕೊಕ್ಕೆಯೂ ಹೋಯಿತು. 2005ರಲ್ಲಿ ತಂದೆ ಬದುಕಿರಬೇಕಿತ್ತೇ ಬೇಡವೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟು ತೀರಿಸಿದ್ದು 2020ರ ಆಗಸ್ಟ್ ತಿಂಗಳಲ್ಲಿ: ಬೇಕಿಲ್ಲ.

ಇನ್ನು ನಮ್ಮ ಮನೆಯ ವಿಷಯ. ಅಪ್ಪ ಆ ಮನೆಯನ್ನು ಸಂಬಳದಲ್ಲಿ ಉಳಿಸಿ 1958ರಲ್ಲಿ ಕೊಂಡದ್ದು, ಇದೇ ಮಾಮನ ಚಿಕ್ಕಪ್ಪನ ದಲ್ಲಾಳಿಯಲ್ಲಿ. ಅರವತ್ತಕ್ಕೆ ತೊಂಬತ್ತಡಿ. ಉಯಿಲು ಬರೆಯದೆ 1984ರಲ್ಲಿ ಹೋದರು. ಅಮ್ಮ 1991ರಲ್ಲಿ ಹೋದರು. ಅಮ್ಮನ ವೈಕುಂಠ ಸಮಾರಾಧನೆಯ ಮಾರನೆಯ ದಿನ, ಇನ್ನೂ ಎಲೆ ಹಾಸಿದ ಚಾಪೆ ಎತ್ತಿರಲಿಲ್ಲ, ಮಾಮ ಒಂದು ಛಾಪಾ ಕಾಗದ ತಂದರು. "ಏನಿಲ್ಲಮ್ಮ, ಖಾತೆ ಬದಲಾಯಿಸಕ್ಕೆ ಒಂದು ಸಹಿ. ಸುಮ್ಮನೆ ಶಾಸ್ತ್ರಕ್ಕೆ." ಅಕ್ಕನೂ ನಾನೂ ಓದದೆ ಹಾಕಿದೆವು. ಅಣ್ಣಂದಿರು ಇಬ್ಬರಿಗೂ ಒಂದೊಂದು ರೇಷ್ಮೆ ಸೀರೆ ಕೊಟ್ಟರು. ನಾನು ಬಿ.ಎ. ಓದಿದವಳು, ಬೇರೆಯವರಿಗೆ ಅರ್ಜಿ ಬರೆದುಕೊಡುತ್ತಿದ್ದವಳು; ತವರಿನ ಕಾಗದ ಓದಿದರೆ ಅಣ್ಣನನ್ನು ನಂಬಲಿಲ್ಲ ಎಂದಾಗುತ್ತದೆ ಎಂದು ಓದಲಿಲ್ಲ. ಆ ಸೀರೆ ಇನ್ನೂ ಇದೆ. ಜರಿ ಚೆನ್ನಾಗಿದೆ.

ಅಕ್ಕನಿಗೆ 2003ರಲ್ಲಿ ಭಾವ ಹೋದರು. ಮಕ್ಕಳಿಲ್ಲ. ವರ್ಷಕ್ಕೊಮ್ಮೆ ಬಾಡಿಗೆ ಏರಿದ ಹಾಗೆಲ್ಲ ಹನುಮಂತನಗರ, ಶ್ರೀನಗರ, ಆಮೇಲೆ ಇನ್ನೂ ದೂರ ಎಂದು ಸಾಮಾನು ಹೊತ್ತುಕೊಂಡು ಹೋದಳು. ಗೌರಿಹಬ್ಬಕ್ಕೆ ಅಣ್ಣಂದಿರು ಬಾಗಿನದ ದುಡ್ಡು ಕಳಿಸುತ್ತಿದ್ದರು. ಅದನ್ನು ಇಲ್ಲ ಎನ್ನಬಾರದು.

2021ರಲ್ಲಿ ಮನೆ ಕೆಡವಿ ಫ್ಲಾಟು ಕಟ್ಟಲು ಒಬ್ಬ ಬಿಲ್ಡರು ಬಂದ. ಎಂಟು ಲಗ್ಜುರಿ ಫ್ಲಾಟು, ನಾಲ್ಕು ಅಣ್ಣಂದಿರಿಗೆ, ನಾಲ್ಕು ಅವನಿಗೆ. ಆದರೆ ಸುಪ್ರೀಂ ಕೋರ್ಟಿನ ತೀರ್ಪಾದ ಮೇಲೆ ಬಿಲ್ಡರುಗಳ ವಕೀಲರಿಗೆ ಹೆಣ್ಣುಮಕ್ಕಳೆಂದರೆ ಹೆದರಿಕೆ. ಆ ವಕೀಲ ಹಳೆಯ ಕಾಗದ ನೋಡಿ, ಇದು ನೋಂದಣಿಯೇ ಆಗಿಲ್ಲ, ಸ್ಥಿರಾಸ್ತಿಯ ಹಕ್ಕುಬಿಡುಗಡೆ ನೋಂದಣಿಯಾಗದಿದ್ದರೆ ಬೆಲೆಯಿಲ್ಲ, ಖಾತೆ ಯಾರ ಹೆಸರಿಗಿದ್ದರೂ ಅದು ತೆರಿಗೆ ಕಟ್ಟುವುದಕ್ಕೆ, ಒಡೆತನಕ್ಕಲ್ಲ ಎಂದನಂತೆ. 1991ರಲ್ಲಿ ನೋಂದಣಿ ಖರ್ಚು ಯಾಕೆ ದಂಡ ಎಂದು ಉಳಿತಾಯ ಮಾಡಿಸಿದವರು ಮಾಮನೇ!

ಹೊಸ ಕಾಗದ ಹಿಡಿದು ಮಾಮ ಮತ್ತೆ ನಮ್ಮ ಮನೆಗೆ ಬಂದರು. ಈ ಸಲ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು, ಕಾರು ಕಳಿಸುತ್ತಾರೆ ಎಂದರು. "ಮಾಮ, ಕಾಗದ ಇಟ್ಟು ಹೋಗಿ. ಓದಿ ಹೇಳ್ತೀನಿ" ಎಂದೆ. ಅರವತ್ತೈದು ವರ್ಷದಲ್ಲಿ ಅಂಥ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವರು ಕಾಫಿ ಲೋಟ ಕೆಳಗಿಟ್ಟರು. "ನೀನೂ ರಾಜಕೀಯ ಮಾಡ್ತೀಯೇನಮ್ಮ?"

ಓದಿದೆ. ಪರಿಚಯದ ವಕೀಲೆಯೊಬ್ಬರಿಗೂ ತೋರಿಸಿದೆ. ನಾಲ್ಕರಲ್ಲಿ ಒಂದು ಪಾಲು ನನ್ನದು, ಒಂದು ಅಕ್ಕನದು. ನನ್ನದು ನನಗೆ ಬೇಡ, ಅಕ್ಕನಿಗೆ ಒಂದು ಫ್ಲಾಟು ಅವಳ ಹೆಸರಿಗೇ ಬರೆದರೆ ಸಹಿ ಎಂದು ಹೇಳಿ ಕಳಿಸಿದೆ. ನನ್ನ ಪಾಲು ಬಿಟ್ಟದ್ದು ಸರಿಯೋ ತಪ್ಪೋ ಈಗಲೂ ತಿಳಿಯದು. ನನ್ನ ಮಗಳು ತಪ್ಪು ಎನ್ನುತ್ತಾಳೆ. ಹತ್ತು ತಿಂಗಳು ಎಳೆದಾಟ. ದೊಡ್ಡಣ್ಣ ಫೋನಿನಲ್ಲಿ "ಅಮ್ಮ ಇದ್ದಿದ್ರೆ ಹೀಗೆ ಮಾಡ್ತಿದ್ಯಾ?" ಎಂದ. ಅಮ್ಮ ಇದ್ದಿದ್ದರೆ ಅವಳಿಗೂ ಒಂದು ಪಾಲು ಇತ್ತು ಎನ್ನಬೇಕೆಂದುಕೊಂಡೆ, ಎನ್ನಲಿಲ್ಲ. ಕೊನೆಗೆ ಒಪ್ಪಿದರು. ಆ ವರ್ಷ ಗೌರಿಹಬ್ಬಕ್ಕೆ ಬಾಗಿನ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಚಿಕ್ಕಣ್ಣ ಮಾತ್ರ ಈಗ ಹಬ್ಬದ ದಿನ ಫೋನು ಮಾಡುತ್ತಾನೆ, ಎರಡು ನಿಮಿಷ.

2024ರಲ್ಲಿ ಅಕ್ಕ ಎರಡನೆಯ ಮಹಡಿಯ ಹಿಂದಿನ ಫ್ಲಾಟಿಗೆ ಹೋದಳು. ಮುಂದಿನ ಫ್ಲಾಟುಗಳಿಗಿಂತ ಚಿಕ್ಕದು, ಬಚ್ಚಲು ಎರಡೇ. ಅವಳು ಕಿಟಕಿಯಲ್ಲಿ ತುಳಸಿ ಕುಂಡ ಇಟ್ಟಿದ್ದಾಳೆ. ಹೋದ ತಿಂಗಳು ನಾನು ಅಲ್ಲಿದ್ದಾಗ ದಲ್ಲಾಳಿ ಮಾಮ ಮೆಟ್ಟಿಲು ಹತ್ತಿಕೊಂಡು ಏದುಸಿರು ಬಿಡುತ್ತ ಬಂದರು. ಅದೇ ಚೀಲ, ಅದೇ ಕೆಂಪು ಪುಸ್ತಕ. ನೀರು ಕುಡಿದು ಸುಧಾರಿಸಿಕೊಂಡು, ಈ ರಸ್ತೆಗೆ ಈಗ ಒಳ್ಳೆಯ ಬೆಲೆ ಬಂದಿದೆ, ಸರ್ಕಾರ ನೋಂದಣಿ ಶುಲ್ಕ ಏರಿಸುತ್ತಲೇ ಹೋಗುತ್ತಿದೆ, ಮಾರುವ ಯೋಚನೆಯಿದ್ದರೆ ತಡ ಮಾಡಬೇಡ ಎಂದು ಅಕ್ಕನಿಗೆ ಬುದ್ಧಿ ಹೇಳಿದರು. ಪುಸ್ತಕ ಬಿಚ್ಚಿ ಪೆನ್ನಿನ ಮುಚ್ಚಳವನ್ನೂ ತೆಗೆದರು.

ಅಕ್ಕ ಅವರಿಗೆ ಇನ್ನೊಂದು ಲೋಟ ನೀರು ಕೊಟ್ಟಳು. "ಅದೆಲ್ಲ ಇರಲಿ ಮಾಮ. ನಿಮ್ಮ ಬಿಲ್ಡರಿಗೆ ಹೇಳಿ, ಮೊದಲು ಆ ಲಿಫ್ಟ್ ಸರಿ ಮಾಡಿಸಿ."