ಯಾರ ನೋವನ್ನ ನಂಬ್ತಾರೆ?

ಬಂಧುಗಳೇ, ಅಮೆರಿಕದ ನೋವಿನ ಮಾತ್ರೆಗಳ ಜಗಳ ನಮಗ್ಯಾಕೆ ಅನ್ನಬೇಡಿ. ಪೂರ್ತಿ ಓದಿ.

1840ರ ದಶಕದಲ್ಲಿ ಅಲಬಾಮದ ವೈದ್ಯ ಜೆ. ಮೇರಿಯನ್ ಸಿಮ್ಸ್, ಗುಲಾಮಗಿರಿಯಲ್ಲಿದ್ದ ಕಪ್ಪು ಹೆಣ್ಣುಮಕ್ಕಳ ಮೇಲೆ ಅರಿವಳಿಕೆ ಕೊಡದೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿದ. ಅನಾರ್ಕಾ, ಬೆಟ್ಸಿ, ಲೂಸಿ ಅನ್ನೋ ಮೂರು ಹೆಸರು ಮಾತ್ರ ಉಳಿದಿವೆ. ಅವನಿಗೆ 'ಸ್ತ್ರೀರೋಗ ಶಾಸ್ತ್ರದ ಪಿತಾಮಹ' ಅನ್ನೋ ಬಿರುದು! ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ಅವನ ಪ್ರತಿಮೆ ಇಳಿದದ್ದು 2018ರಲ್ಲಿ.

1996ರಲ್ಲಿ ಪರ್ಡ್ಯೂ ಕಂಪನಿ ಆಕ್ಸಿಕಾಂಟಿನ್ ಮಾರುಕಟ್ಟೆಗೆ ತಂತು. ಇದು ಓಪಿಯಾಯ್ಡ್, ಅಂದ್ರೆ ಅಫೀಮಿನ ಬಳಗದ ನೋವುನಿವಾರಕ. ಚಟ ಹಿಡಿಯೋ ಅಪಾಯ ಕಡಿಮೆ ಅಂತ ಡಾಕ್ಟರುಗಳನ್ನ ನಂಬಿಸಿ ಮಾರಿದರು. 2007ರಲ್ಲಿ ಕಂಪನಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಸಾವಿರಾರು ಹೆಣ ಬಿದ್ದಿದ್ದವು.

ಆಗ ಕಪ್ಪು ರೋಗಿಗಳಿಗೆ ಈ ಮಾತ್ರೆ ಬರೆದುಕೊಟ್ಟದ್ದು ಬಿಳಿಯರಿಗಿಂತ ಕಡಿಮೆ. 'ಅವರು ಬಚಾವಾದರು' ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. ಅದು ಕಾಳಜಿಯಲ್ಲ, ಅಪನಂಬಿಕೆ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಕಪ್ಪು ಜನರ ಚರ್ಮ ದಪ್ಪ ಅನ್ನೋ ತರಹದ ಒಂದಾದರೂ ಸುಳ್ಳನ್ನ ಸುಮಾರು ಅರ್ಧದಷ್ಟು ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ತರಬೇತಿ ವೈದ್ಯರು ನಂಬಿದ್ದರು. 'ಅವರದು ದುಡಿದು ಗಟ್ಟಿಯಾದ ಮೈ' ಅನ್ನೋ ಮಾತನ್ನ ನಮ್ಮ ಕೇರಿಯವರೂ ಕೇಳಿಸಿಕೊಂಡಿದ್ದೀವಿ, ಅಲ್ವಾ?

ಅದೇ 2016ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ದೀರ್ಘಕಾಲದ ನೋವಿಗೆ ಓಪಿಯಾಯ್ಡ್ ಕೊಡೋದರ ಬಗ್ಗೆ ಮಾರ್ಗಸೂಚಿ ತಂತು. ದಿನಕ್ಕೆ 90 ಮಿಲಿಗ್ರಾಂ ಮಾರ್ಫಿನ್‌ಗೆ ಸಮನಾದ ಪ್ರಮಾಣಕ್ಕೆ ಏರಿಸೋದನ್ನ ತಪ್ಪಿಸಿ ಅಂತ ಅದು ಹೇಳಿತು. ಅದು ಬರೀ ಸಲಹೆ. ಆದರೆ ಎಷ್ಟೋ ಕಡೆ ಅದನ್ನೇ ಕಟ್ಟುನಿಟ್ಟಿನ ಮಿತಿ ಮಾಡಿಕೊಂಡರು. ವರ್ಷಗಟ್ಟಲೆ ಮಾತ್ರೆ ಮೇಲಿದ್ದವರಿಗೆ ದಿಢೀರ್ ನಿಲ್ಲಿಸಿದರು. ಹಾಗೆ ನಿಲ್ಲಿಸಿದರೆ ವಿಪರೀತ ನೋವು, ಆತ್ಮಹತ್ಯೆಯವರೆಗೂ ಹೋಗಬಹುದು ಅಂತ 2019ರಲ್ಲಿ ಸರ್ಕಾರದ ಔಷಧ ನಿಯಂತ್ರಕರೇ ಎಚ್ಚರಿಸಬೇಕಾಯ್ತು. 2022ರ ಹೊಸ ಮಾರ್ಗಸೂಚಿ ಆ ಅಂಕಿಯ ಗೆರೆಯನ್ನ ಶಿಫಾರಸಿನಿಂದ ಕೈಬಿಟ್ಟಿತು. ನೋವಿನ ಚಿಕಿತ್ಸೆಯಲ್ಲಿ ಜನಾಂಗದ ತಾರತಮ್ಯ ಇದೆ ಅಂತಲೂ ಬರೆಯಿತು.

ಈಗ ಇಲ್ಲಿಗೆ ಬನ್ನಿ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೀತಾರೆ, ಔಷಧಕ್ಕಾಗಿ ಹೊರದೇಶಕ್ಕೂ ಹೋಗುತ್ತೆ. ಆದರೆ 1985ರ ಎನ್‌ಡಿಪಿಎಸ್ ಕಾಯ್ದೆ ಬಂದಮೇಲೆ ಲೈಸೆನ್ಸು, ಜೈಲಿನ ಭಯಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ಟವು. ಒಂದು ದಶಕದೊಳಗೇ ಬಳಕೆ ಪಾತಾಳಕ್ಕಿಳಿಯಿತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ, 2014ರಲ್ಲಿ ತಿದ್ದುಪಡಿ ಬಂತು. ಕಾಯ್ದೆ ಸಡಿಲವಾದರೂ ಮಾರ್ಫಿನ್ ಎಲ್ಲರಿಗೂ ತಲುಪಿಲ್ಲ. ದುಡ್ಡಿದ್ದವರು ದೊಡ್ಡ ಊರಿಗೆ ಹೋಗ್ತಾರೆ. ಕ್ಯಾನ್ಸರ್ ಬಂದ ಪೌರಕಾರ್ಮಿಕ ಎಲ್ಲಿಗೆ ಹೋಗಬೇಕು?

ಹೆಚ್ಚು ಕೊಟ್ಟಾಗ ಲಾಭ ಕಂಪನಿಗೆ, ನಿಲ್ಲಿಸಿದಾಗ ನರಳಾಟ ಬಡವರಿಗೆ. ಎಷ್ಟು ಮಿಲಿಗ್ರಾಂ ಅನ್ನೋದು ವೈದ್ಯಶಾಸ್ತ್ರದ ಪ್ರಶ್ನೆ. ಯಾರ ನರಳಾಟ ಕಿವಿಗೆ ಬೀಳುತ್ತೆ ಅನ್ನೋದು ರಾಜಕೀಯದ ಪ್ರಶ್ನೆ. ನಿಮ್ಮ ಜಿಲ್ಲಾಸ್ಪತ್ರೆಗೆ ಹೋಗಿ ಮಾರ್ಫಿನ್ ಇದೆಯಾ, ಬರೆದುಕೊಡೋ ಡಾಕ್ಟರ್ ಇದ್ದಾರಾ ಅಂತ ಕೇಳಿ. ನೋವಿಲ್ಲದೆ ಸಾಯೋದೂ ಘನತೆಯ ಹಕ್ಕೇ.

ಜೈ ಭೀಮ್.